ಬೇಸಗೆಗೆ ಹಾಳೆ, ಮಳೆಗಾಲಕ್ಕೆ ಸ್ಟೀಲು: ನಮ್ಮೂರ ಹಾಳೆತಟ್ಟೆಯ ವಿಮರ್ಶೆ

ಹಾಳೆತಟ್ಟೆ, ಅಂದರೆ ಅಡಿಕೆ ಮರದ ಹಾಳೆಯನ್ನು ಒತ್ತಿ ಮಾಡುವ ಊಟದ ತಟ್ಟೆಯ ಬಗ್ಗೆ ಆನ್‌ಲೈನಿನಲ್ಲಿ ಸಿಗುವ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ಪೇಟೆಯವರದ್ದು. ಒಂದು ಪ್ಯಾಕೆಟ್ ತರಿಸುತ್ತಾರೆ, ಹುಟ್ಟುಹಬ್ಬದ ಕೇಕ್ ಇಡುತ್ತಾರೆ, ಫೋಟೋ ತೆಗೆಯುತ್ತಾರೆ, ‘ಪರಿಸರ ಸ್ನೇಹಿ’ ಅಂತ ಐದು ನಕ್ಷತ್ರ ಕೊಡುತ್ತಾರೆ. ಬಿಸಿ ಸಾರು ಬಡಿಸಿ ಉಂಡವರು ಬರೆದದ್ದು ಕಡಿಮೆ. ನಾನು ಕಾಸರಗೋಡಿನ ಪೆರ್ಲದ ಹತ್ತಿರದವಳು. ಮನೆಯ ಸುತ್ತ ಅಡಿಕೆ ತೋಟ. ಪೂಜೆ, ತಂಬಿಲ, ತಿಥಿ, ಬಾರ್ಸ ಅಂತ ವರ್ಷವಿಡೀ ಒಂದಲ್ಲ ಒಂದು ಜೆಂಬರ, ಅಂದರೆ ಊಟ ಹಾಕುವ ಸಮಾರಂಭ, ಇರುವ ಮನೆ. ಹಾಗಾಗಿ ಈ ತಟ್ಟೆಯನ್ನು ಎರಡೂ ಕಡೆಯಿಂದ ನೋಡಿದ್ದೇನೆ: ಹಾಳೆ ಮಾರುವವಳಾಗಿ, ತಟ್ಟೆ ಕೊಳ್ಳುವವಳಾಗಿ.

ಮೊದಲೇ ಹೇಳಿಬಿಡುತ್ತೇನೆ. ತಟ್ಟೆ ಚೆನ್ನಾಗಿದೆ. ಆದರೆ ವರ್ಷದ ಎಲ್ಲ ತಿಂಗಳಿಗೂ ಅಲ್ಲ, ಎಲ್ಲ ಊಟಕ್ಕೂ ಅಲ್ಲ.

ನಾನು ತರುವುದು ನಮ್ಮ ಮನೆಯಿಂದ ಸ್ವಲ್ಪ ದೂರದ ಒಂದು ಸಣ್ಣ ಘಟಕದಿಂದ. ಘಟಕ ಅಂದರೆ ದೊಡ್ಡದಾಗಿ ಕೇಳಿಸುತ್ತದೆ, ನೋಡಿದರೆ ಮನೆಯ ಹಿಂದಿನ ಒಂದು ಶೀಟಿನ ಮಾಡು ಅಷ್ಟೇ. ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುತ್ತಾರೆ, ಕೆಲಸಕ್ಕೆ ಪಕ್ಕದ ಮನೆಯ ಇಬ್ಬರು ಹೆಂಗಸರು ಬರುತ್ತಾರೆ. ಹೆಸರು ಬರೆಯುವುದಿಲ್ಲ. ಕೆಳಗೆ ಒಂದೆರಡು ದೂರೂ ಇದೆ, ಅವರಿಗೆ ಅದನ್ನು ಎದುರೆದುರೇ ಹೇಳಿಯಾಗಿದೆ. ನಮ್ಮ ಕಡೆ ಇಂಥ ಮಾಡುಗಳು ಬೇಕಾದಷ್ಟು ಇವೆ. ಬದಿಯಡ್ಕ, ನೀರ್ಚಾಲು, ಗಡಿಯಾಚೆ ವಿಟ್ಲ, ಪುತ್ತೂರು, ಎಲ್ಲಿ ಅಡಿಕೆ ಇದೆಯೋ ಅಲ್ಲೆಲ್ಲ ಒಂದು ಹಾಳೆ ಮೆಷಿನು ಇದ್ದೇ ಇರುತ್ತದೆ. ನೀವು ಕೊಳ್ಳುವಾಗ ನೋಡಬೇಕಾದದ್ದು ಎಲ್ಲ ಕಡೆಯೂ ಒಂದೇ.

ಹಾಳೆ ಗೊತ್ತಿಲ್ಲದವರಿಗೆ ಎರಡು ಮಾತು. ಅಡಿಕೆ ಮರದ ಒಂದು ಸೋಗೆ ಹಣ್ಣಾಗಿ ಬಿದ್ದಾಗ, ಅದರ ಬುಡದಲ್ಲಿ ಮರವನ್ನು ಅಪ್ಪಿಕೊಂಡಿದ್ದ ಅಗಲದ ಭಾಗವೇ ಹಾಳೆ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಮರ ಕಡಿಯಬೇಕಾಗಿಲ್ಲ, ಎಲೆ ಕೀಳಬೇಕಾಗಿಲ್ಲ, ತಾನಾಗಿ ಬಿದ್ದದ್ದನ್ನು ಹೆಕ್ಕಿದರಾಯಿತು. ನಮ್ಮ ಅಜ್ಜಿಯ ಕಾಲದಲ್ಲಿ ಎಳೆಮಗುವಿಗೆ ಎಣ್ಣೆ ಹಚ್ಚಿ ಮೀಯಿಸುತ್ತಿದ್ದದ್ದೂ ಹಾಳೆಯ ಮೇಲೆ, ಬೇಸಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದದ್ದೂ ಹಾಳೆಯ ಬೀಸಾಳೆಯಲ್ಲಿ. ತೋಟದ ಕೆಲಸದವರ ತಲೆಗೆ ಹಾಳೆಯ ಮುಟ್ಟಾಳೆ ಈಗಲೂ ಇದೆ. ಮಕ್ಕಳು ಒಬ್ಬರನ್ನು ಕೂರಿಸಿ ಇನ್ನೊಬ್ಬರು ಸೋಗೆ ಹಿಡಿದು ಅಂಗಳ ತುಂಬ ಎಳೆಯುತ್ತಿದ್ದದ್ದು ನೆನಪಿರುವವರಿಗೆ ನೆನಪಿದೆ. ಉಳಿದದ್ದು ದನದ ಹಟ್ಟಿಗೆ, ಬಚ್ಚಲ ಒಲೆಗೆ, ಇಲ್ಲವೇ ಮರದ ಬುಡಕ್ಕೆ.

ಈಗ ಒಳ್ಳೆಯ ಹಾಳೆಗೆ ಒಂದೂವರೆ ರೂಪಾಯಿ ಕೊಡುತ್ತಾರೆ. ಒಳ್ಳೆಯದು ಅಂದರೆ ಅಗಲ ಇರಬೇಕು, ಸೀಳಿರಬಾರದು, ಬಿದ್ದ ದಿನವೇ ಹೆಕ್ಕಿರಬೇಕು. ಒಂದು ರಾತ್ರಿ ಇಬ್ಬನಿಯಲ್ಲಿ ಬಿದ್ದುಕೊಂಡಿದ್ದರೂ ಒಳಮೈಯಲ್ಲಿ ಕಪ್ಪು ಚುಕ್ಕೆ ಎದ್ದುಬಿಡುತ್ತದೆ. ಎರಡು ರಾತ್ರಿ ಬಿಟ್ಟರೆ ಒರಲೆ ಹಿಡಿಯುತ್ತದೆ. ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಹೆಕ್ಕಿ, ಸೋಗೆ ಕಡಿದು, ಬಿಸಿಲಿಗೆ ನಿಲ್ಲಿಸಿ, ಕಟ್ಟು ಕಟ್ಟಿ ಇಡಬೇಕು. ದುಡ್ಡಿನ ಲೆಕ್ಕದಲ್ಲಿ ಇದು ದೊಡ್ಡ ಸಂಪಾದನೆಯೇನೂ ಅಲ್ಲ. ನನ್ನ ಮೊಬೈಲಿನ ರೀಚಾರ್ಜೂ ಚಾಪುಡಿಯೂ ಅದರಲ್ಲಿ ಆಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಅದು ಸಣ್ಣ ವಿಷಯ ಅಂತ ನನಗಂತೂ ಅನಿಸುವುದಿಲ್ಲ.

ತಟ್ಟೆ ಮಾಡುವುದು ನೋಡಲು ಸುಲಭ. ಒಣ ಹಾಳೆಯನ್ನು ಬ್ರಶ್ಶಿನಲ್ಲಿ ಉಜ್ಜಿ ತೊಳೆದು, ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಹಾಕುತ್ತಾರೆ. ನೆಂದಾಗ ಹಾಳೆ ಮೆತ್ತಗಾಗುತ್ತದೆ, ಬಗ್ಗಿಸಿದರೆ ಬಗ್ಗುತ್ತದೆ. ನೀರು ಬಸಿಯಲು ಓರೆಯಾಗಿ ನಿಲ್ಲಿಸಿ, ಆಮೇಲೆ ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ‘ಚುಂಯ್’ ಅಂತ ಹಬೆ ಏಳುತ್ತದೆ. ಅಚ್ಚು ತೆಗೆದಾಗ ತಟ್ಟೆ ಗಟ್ಟಿಯಾಗಿ, ಅಂಚು ಕತ್ತರಿಸಿಕೊಂಡೇ ಬರುತ್ತದೆ. ಗೋಂದು ಇಲ್ಲ, ಬಣ್ಣ ಇಲ್ಲ, ಮೇಲೆ ಬಳಿಯುವುದು ಏನೂ ಇಲ್ಲ. ಶಾಖ ಮತ್ತು ಒತ್ತಡ, ಎರಡೇ. ಅಲ್ಲಿಗೆ ಹೋದಾಗ ನಿಂತು ನೋಡುತ್ತಾ ಇರುವುದು ನನಗೆ ಇಷ್ಟ. ‘ಅಕ್ಕ, ಕೂತ್ಕೊಳ್ಳಿ’ ಅಂತ ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಒಂದು ಊಟದ ತಟ್ಟೆ, ಉಳಿದ ತುದಿಯಲ್ಲಿ ಒಂದು ಸಣ್ಣ ತಟ್ಟೆ, ಅದೃಷ್ಟ ಇದ್ದರೆ ಒಂದು ದೊನ್ನೆ. ಕತ್ತರಿಸಿ ಉಳಿದ ಚೂರು ಹಟ್ಟಿಗೆ.

ಈಗ ತಟ್ಟೆಗೆ ಬರೋಣ. ಕೈಯಲ್ಲಿ ಹಿಡಿದರೆ ಎರಡು ಮೈ ಬೇರೆ ಬೇರೆ ಗೊತ್ತಾಗುತ್ತದೆ. ಹಾಳೆಯ ಒಳಮೈ, ಅಂದರೆ ಮರಕ್ಕೆ ಅಂಟಿಕೊಂಡಿದ್ದ ಕಡೆ, ನುಣುಪು, ತಿಳಿ ಬಣ್ಣ. ಹೊರಮೈ ಒರಟು, ಕಂದು. ಊಟ ಬಡಿಸುವ ಕಡೆ ಒಳಮೈಯೇ ಬಂದಿರಬೇಕು. ಸರಿಯಾಗಿ ಮಾಡುವವರು ಹಾಗೇ ಒತ್ತುತ್ತಾರೆ. ತಟ್ಟೆಯ ಉದ್ದಕ್ಕೂ ನಾರಿನ ಗೆರೆಗಳು ಕಾಣುತ್ತವೆ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಚಂದಕ್ಕೆ ನೂರಕ್ಕೆ ನೂರು ಅಂಕ. ಬೆಂಗಳೂರಿನಲ್ಲಿರುವ ಮಗ ಇದೇ ತಟ್ಟೆಯನ್ನು ಹನ್ನೆರಡು ರೂಪಾಯಿಗೆ ಒಂದರ ಹಾಗೆ ಆನ್‌ಲೈನಿನಲ್ಲಿ ತರಿಸಿದ್ದ. ನನ್ನ ಹತ್ತಿರ ಹೇಳಲಿಲ್ಲ, ಸೊಸೆ ಹೇಳಿದಳು.

ಇನ್ನೊಂದು ವಿಷಯ ಅಡಿಕೆ ಬೆಳೆಯುವವರಿಗೆ ಮಾತ್ರ ಗೊತ್ತಿರುವಂಥದ್ದು. ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ನಾವು ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40-45 ದಿನ ಬಿಟ್ಟು ಇನ್ನೊಮ್ಮೆ ಮದ್ದು ಬಿಡುತ್ತೇವೆ. ಮದ್ದು ಅಂದರೆ ಬೋರ್ಡೋ: ಒಂದು ಕಿಲೋ ಮೈಲುತುತ್ತು (ನೀಲಿ ಬಣ್ಣದ ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬಿಡುವುದು ಗೊನೆಗೆ, ಆದರೆ ಹಾಳೆಯ ಮೇಲೂ ಹರಿಯುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಬೀಳುವ ಹಾಳೆಯ ಹೊರಮೈಯಲ್ಲಿ ನೀಲಿ ಕಲೆ ಇರುತ್ತದೆ. ಉಣ್ಣುವ ಕಡೆ ಒಳಮೈ ಆದ್ದರಿಂದ ಸಾಮಾನ್ಯವಾಗಿ ಅಲ್ಲಿಗೆ ತಾಗಿರುವುದಿಲ್ಲ. ಆದರೂ ಅಂಥ ಹಾಳೆ ತಟ್ಟೆಗೆ ಬೇಡ ಅನ್ನುವುದು ನನ್ನ ಹಟ. ನಾನು ಕೊಡುವಾಗಲೇ ಬೇರೆ ತೆಗೆದಿಡುತ್ತೇನೆ, ಒಲೆಗೆ ಹೋಗುತ್ತದೆ. ಒಂದು ಸಲ ತಂದ ಕಟ್ಟಿನಲ್ಲಿ ಕೆಲವು ತಟ್ಟೆಯ ತಳದಲ್ಲಿ ನೀಲಿ ಛಾಯೆ ಕಂಡಿತು. ಹಿಂದಕ್ಕೆ ಕೊಂಡುಹೋಗಿ ಕೊಟ್ಟೆ. ಏನೂ ವಾದ ಮಾಡದೆ ಬದಲಿ ಕೊಟ್ಟರು. ‘ಹೊರಗಿನಿಂದ ಲೋಡು ಬಂದದ್ದು ಅಕ್ಕ, ಅದರಲ್ಲಿ ಸೇರಿದ್ದು’ ಅಂದರು. ಆ ಮೇಲೆ ಹಾಗೆ ಬಂದಿಲ್ಲ. ಆದರೆ ನೀವು ಕೊಳ್ಳುವಾಗ ತಟ್ಟೆ ಮಗುಚಿ ತಳ ನೋಡಿ. ಪೇಟೆಯವರು ಯಾರೂ ಮಗುಚುವುದಿಲ್ಲ.

ಅಂಚನ್ನೂ ಬೆರಳಿನಲ್ಲಿ ಒಮ್ಮೆ ಸವರಿ. ಅಚ್ಚಿನ ಅಲಗು ಮೊಂಡಾಗಿದ್ದರೆ ನಾರು ಎದ್ದಿರುತ್ತದೆ, ಮಕ್ಕಳ ಬೆರಳಿಗೆ ಚುಚ್ಚುತ್ತದೆ. ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ. ಒಣ ಹುಲ್ಲಿನ ವಾಸನೆ ಬಂದರೆ ಸರಿ, ಮುಗ್ಗಲು ವಾಸನೆ ಬಂದರೆ ಬೇಡವೇ ಬೇಡ.

ಊಟದ ವಿಷಯ. ಹನ್ನೆರಡು ಇಂಚಿನ ತಟ್ಟೆಯಲ್ಲಿ ಅನ್ನ, ಸಾರು, ಸಾಂಬಾರು, ಎರಡು ಪಲ್ಯ, ಉಪ್ಪಿನಕಾಯಿ, ಹಪ್ಪಳ, ಸ್ವೀಟು, ಎಲ್ಲ ಹಿಡಿಸುತ್ತದೆ. ಬಿಸಿ ಸಾರು ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ, ಮೊದಲ ಮಳೆಗೆ ತೋಟ ಬಿಡುವ ವಾಸನೆಯ ಹಾಗೆ. ಕೆಲವರಿಗೆ ಅದು ಇಷ್ಟ, ನಮ್ಮ ಮಾವನಿಗೆ ಆಗುತ್ತಿರಲಿಲ್ಲ. ‘ಇದೇನು, ಹಟ್ಟಿಯಲ್ಲಿ ಕೂತು ಉಂಡ ಹಾಗಾಯ್ತು’ ಅಂತ ಬಾಳೆಲೆ ಕೇಳುತ್ತಿದ್ದರು. ಸೋರುವ ದೂರು ಮಾತ್ರ ಇಲ್ಲ. ಒಳ್ಳೆಯ ದಪ್ಪದ ತಟ್ಟೆಯಲ್ಲಿ ಊಟ ಮುಗಿಯುವವರೆಗೆ ತಳ ಒದ್ದೆಯಾಗುವುದಿಲ್ಲ. ನಿಂತುಕೊಂಡು ಒಂದು ಕೈಯಲ್ಲಿ ಹಿಡಿದು ಉಣ್ಣುವ ಬಫೆಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕಾಗದದ ತಟ್ಟೆ ಸಾಂಬಾರಿನ ಭಾರಕ್ಕೆ ಬಗ್ಗಿ ಸೀರೆಯ ಮೇಲೆ ಚೆಲ್ಲಿದ್ದನ್ನು ಎಷ್ಟೋ ಮದುವೆಯಲ್ಲಿ ನೋಡಿದ್ದೇವೆ ಅಲ್ವಾ? ಇದು ಬಗ್ಗುವುದಿಲ್ಲ. ನೆರೆಮನೆಯ ಇಚ್ಚ (ಇಲ್ಲಿನ ಮುಸ್ಲಿಮರಲ್ಲಿ ಅಣ್ಣ) ಮಗಳ ಮದುವೆಯ ಹಿಂದಿನ ರಾತ್ರಿಯ ಬಿರಿಯಾನಿಗೆ ಇಲ್ಲಿಂದಲೇ ತರಿಸಿದ್ದರು. ತುಪ್ಪದ ಅನ್ನ, ಬಿರಿಯಾನಿ, ಚಿತ್ರಾನ್ನ, ಇಡ್ಲಿ, ಇಂಥ ಒಣ ಪದಾರ್ಥಕ್ಕೆ ಹತ್ತು ಇಂಚಿನದೇ ಸಾಕು.

ನೆಲದಲ್ಲಿ ಕೂತು ಉಣ್ಣುವ ಹಂತಿಗೆ ಮಾತ್ರ ನಾನು ಹಾಳೆತಟ್ಟೆ ಹಾಕುವುದಿಲ್ಲ. ಅಲ್ಲಿ ಬಾಳೆಲೆಗೆ ಸಾಟಿ ಇಲ್ಲ. ಮೇಲಾರ, ಗೊಜ್ಜು, ಚಟ್ನಿ, ತಾಳು, ಒಂದೊಂದಕ್ಕೂ ಅದರದೇ ಜಾಗ ಇದೆ. ಉರುಟು ತಟ್ಟೆಯಲ್ಲಿ ಎಲ್ಲ ಒಂದರ ಮೇಲೊಂದು ಬೀಳುತ್ತದೆ. ಹೋಳಿಗೆಗೆ ಕಾಯಿಹಾಲು ಹಾಕಿದರೆ ಅದು ಹೋಗಿ ಉಪ್ಪಿನಕಾಯಿಗೆ ಸೇರುತ್ತದೆ. ಮತ್ತೆ, ಹಿತ್ತಿಲಿನಲ್ಲಿ ಬಾಳೆ ಇರುವಾಗ ದುಡ್ಡು ಕೊಟ್ಟು ತಟ್ಟೆ ಯಾಕೆ? ಉಂಡ ಎಲೆ ದನಕ್ಕೆ. ಪರಿಸರದ ಲೆಕ್ಕ ಹಾಕುವುದಾದರೆ, ಮೆಷಿನಿಗೆ ಕರೆಂಟು ಬೇಕು, ಬಾಳೆಲೆಗೆ ಕತ್ತಿಯೊಂದೇ ಬೇಕು.

ದೊನ್ನೆಗೆ ನನ್ನಿಂದ ಎರಡೇ ನಕ್ಷತ್ರ. ಆಳ ಜಾಸ್ತಿ ಆದಂತೆ ಹಾಳೆ ಮಡಿಕೆ ಬೀಳುತ್ತದೆ, ಆ ಮಡಿಕೆಯಲ್ಲಿ ಸಣ್ಣ ಬಿರುಕು ಇದ್ದರೆ ಪಾಯಸ ಮೆಲ್ಲಗೆ ಜಿನುಗುತ್ತದೆ. ಒಂದು ಕಟ್ಟಿನಲ್ಲಿ ನಾಲ್ಕೈದು ಹಾಗಿದ್ದೇ ಇರುತ್ತವೆ. ಬಡಿಸುವ ಮೊದಲು ನೀರು ಹಾಕಿ ನೋಡಿಕೊಳ್ಳಬೇಕು, ಅಷ್ಟು ಪುರುಸೊತ್ತು ಜೆಂಬರದ ದಿನ ಯಾರಿಗಿದೆ? ಪಾಯಸಕ್ಕೆ, ಮಜ್ಜಿಗೆಗೆ ಸ್ಟೀಲಿನ ಲೋಟವೇ ಸರಿ. ಚಮಚವೂ ಮಾಡುತ್ತಾರೆ, ಅದನ್ನು ಬಾಯಿಗೆ ಇಟ್ಟರೆ ನಾಲಗೆಗೆ ಒರಟೊರಟು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೇವರು ಐದು ಬೆರಳು ಕೊಟ್ಟಿದ್ದಾನೆ.

ಪ್ಯಾಕಿಂಗಿನ ಬಗ್ಗೆ ನನಗೂ ಘಟಕದವರಿಗೂ ಜಗಳ ಇದ್ದದ್ದೇ. 25 ತಟ್ಟೆಯ ಕಟ್ಟಿಗೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತುತ್ತಾರೆ. ಪ್ಲಾಸ್ಟಿಕ್ ಬೇಡ ಅಂತಲೇ ಹಾಳೆತಟ್ಟೆ ತೆಗೆದುಕೊಳ್ಳುವುದು, ಅದನ್ನು ಪ್ಲಾಸ್ಟಿಕ್ಕಿನಲ್ಲೇ ಸುತ್ತಿ ಕೊಟ್ಟರೆ ಏನು ಹೇಳುವುದು? ಅವರಿಗೂ ಅವರದೇ ಕಷ್ಟ ಇದೆ. ಹಾಳೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಿಚ್ಚಿಟ್ಟರೆ ಬೂಸ್ಟು ಬರುತ್ತದೆ, ಅಂಗಡಿಯವರು ಹಿಂದಕ್ಕೆ ಕಳಿಸುತ್ತಾರೆ. ಕೊನೆಗೆ ಒಂದು ದಾರಿ ಮಾಡಿಕೊಂಡೆವು. ಮನೆಯಿಂದ ತೊಳೆದು ಒಣಗಿಸಿದ ಅಕ್ಕಿಯ ಗೋಣಿಚೀಲ ಕೊಂಡುಹೋಗುತ್ತೇನೆ. ಪ್ಯಾಕ್ ಮಾಡುವ ಮೊದಲೇ ನನ್ನ ಪಾಲನ್ನು ಬೇರೆ ತೆಗೆದಿಡುತ್ತಾರೆ, ಬಾಳೆಯ ನಾರಿನಲ್ಲಿ ಕಟ್ಟಿ ಚೀಲಕ್ಕೆ ತುಂಬಿಸುತ್ತಾರೆ. ಕಟ್ಟಿಗೆ ಐದು ರೂಪಾಯಿ ಕಡಿಮೆಯೂ ಮಾಡಿದರು, ನಾನು ಕೇಳಿದ್ದಲ್ಲ. ಅಂಗಡಿಯಿಂದ ಪ್ಲಾಸ್ಟಿಕ್ ಸುತ್ತಿದ್ದನ್ನೇ ತಂದರೆ ಆ ಕವರನ್ನು ಸುಡಬೇಡಿ. ಒರೆಸಿ ಒಣಗಿಸಿ ಇಟ್ಟರೆ ಹರಿತ ಕರ್ಮ ಸೇನೆಯ, ಅಂದರೆ ಪಂಚಾಯತಿನ ಕಸ ಸಂಗ್ರಹದ ತಂಡದ, ಅಕ್ಕಂದಿರು ಮನೆಗೆ ಬಂದಾಗ ಕೊಂಡುಹೋಗುತ್ತಾರೆ.

ಇಡುವ ಜಾಗ ಮುಖ್ಯ. ನಮ್ಮದು ಹಳೇ ಮನೆ, ಕಟ್ಟಿಗೆ ಒಲೆಯ ಮೇಲಿನ ಅಟ್ಟ ಇನ್ನೂ ಇದೆ. ಹೊಗೆ ತಾಗುವ ಅಟ್ಟದಲ್ಲಿ ಇಟ್ಟ ತಟ್ಟೆಗೆ ಬೂಸ್ಟು ಹಿಡಿಯುವುದಿಲ್ಲ. ಗ್ಯಾಸ್ ಸ್ಟವ್ ಮಾತ್ರ ಇರುವ ಮನೆಯವರು ಜೂನಿನಿಂದ ಸೆಪ್ಟೆಂಬರಿನವರೆಗೆ ಕೂಡಿಡಲೇಬೇಡಿ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆ ನಮ್ಮದು. ಚಪ್ಪಲಿಗೇ ಬೂಸ್ಟು ಬರುವಾಗ ಹಾಳೆ ಯಾವ ಲೆಕ್ಕ. ಮಳೆಗಾಲದಲ್ಲಿ ಮಾಡಿದ ತಟ್ಟೆಯಂತೂ ನಾನು ತೆಗೆದುಕೊಳ್ಳುವುದೇ ಇಲ್ಲ. ಬಿಸಿಲು ಇಲ್ಲದೆ ಹಾಳೆ ಒಣಗಿರುವುದಿಲ್ಲ, ಬಣ್ಣ ಮಂಕು, ಮೂಲೆಯಲ್ಲಿ ಎಲ್ಲೋ ಬಿಳಿ ಪುಡಿ.

ಹಾಗಾದರೆ ಮಳೆಗಾಲದ ಜೆಂಬರಕ್ಕೆ ಏನು? ಸ್ಟೀಲಿನ ಬಟ್ಟಲು, ಅಂದರೆ ಊಟದ ತಟ್ಟೆ. ಇಲ್ಲಿಯೇ ನನ್ನ ಮಾತಿನ ತಿರುಳು ಇರುವುದು. ‘ಸ್ಟೀಲು ಒಳ್ಳೆಯದೋ ಹಾಳೆತಟ್ಟೆಯೋ’ ಅಂತ ಕೇಳುವವರಿಗೆ ನಾನು ‘ಯಾವ ತಿಂಗಳಲ್ಲಿ?’ ಅಂತ ಕೇಳುತ್ತೇನೆ.

ಕೇರಳದಲ್ಲಿ ಹಸಿರು ಶಿಷ್ಟಾಚಾರ ಅಂತ ಒಂದಿದೆ, ಎಲ್ಲರೂ ಗ್ರೀನ್ ಪ್ರೋಟೋಕಾಲ್ ಅಂತಲೇ ಹೇಳುವುದು. ಮದುವೆ, ಉತ್ಸವ, ಸಭೆಗಳಲ್ಲಿ ಒಮ್ಮೆ ಬಳಸಿ ಬಿಸಾಡುವುದನ್ನು ಬಿಟ್ಟು ತೊಳೆದು ಬಳಸುವ ಪಾತ್ರೆಗೆ ಬನ್ನಿ ಅನ್ನುವುದು ಅದರ ಸಾರ. ಒಳ್ಳೆಯದೇ. ಕ್ಲಬ್ಬಿನವರ ಹತ್ತಿರ, ದೇವಸ್ಥಾನದಲ್ಲಿ, ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘದವರ ಹತ್ತಿರ ಬಟ್ಟಲು, ಲೋಟ ಬಾಡಿಗೆಗೆ ಸಿಗುತ್ತದೆ. ಜುಲೈಯಲ್ಲಿ ತಂದರೆ ಏನೂ ತೊಂದರೆ ಇಲ್ಲ. ಅಂಗಳದ ಹೊರಗೆ ತೋಡು ತುಂಬಿ ಹರಿಯುತ್ತಿರುತ್ತದೆ, ಮಾಡಿನಿಂದ ಇಳಿಯುವ ನೀರನ್ನು ಡ್ರಮ್ಮಿಗೆ ಹಿಡಿದರೆ ತೊಳೆಯಲು ಅದೇ ಸಾಕು. ಒಲೆಯ ಬೂದಿ, ಅಂಟುವಾಳ, ತೆಂಗಿನ ನಾರು.

ಅದೇ ಬಟ್ಟಲನ್ನು ಏಪ್ರಿಲಿನಲ್ಲಿ ಇನ್ನೂರು ಜನಕ್ಕೆ ತೊಳೆದು ನೋಡಿ. ನಮ್ಮ ಕಡೆ, ಪಡ್ರೆ, ಬಾಯಾರು ಎಲ್ಲ ಕಡೆಯೂ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿದು ಬದುಕಿದ ಮನೆಗಳು ಬೇಕಾದಷ್ಟು ಇವೆ. ಮುರಕಲ್ಲಿನ ಗುಡ್ಡದೊಳಗೆ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ ಸುರಂಗ. ಅದರಿಂದ ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ನಮ್ಮ ಮನೆಯದ್ದು ಡಿಸೆಂಬರಿನಲ್ಲಿ ಪೈಪು ತುಂಬಿ ಬೀಳುತ್ತದೆ. ಏಪ್ರಿಲಿನ ಹೊತ್ತಿಗೆ ಕಿರುಬೆರಳಿನಷ್ಟು. ಅದರಲ್ಲೇ ಕುಡಿಯಬೇಕು, ಅಡುಗೆ ಆಗಬೇಕು, ದನಕ್ಕೆ ಕೊಡಬೇಕು, ಉಳಿದರೆ ಬಸಳೆ ಚಪ್ಪರದ ಬುಡಕ್ಕೆ. ಬಟ್ಟಲು ಒಂದು ಸಲ ಸೋಪಿನಲ್ಲಿ, ಎರಡು ಸಲ ಬರೀ ನೀರಿನಲ್ಲಿ ಅದ್ದಬೇಕು. ಅದಕ್ಕೆ ಟ್ಯಾಂಕರು ತರಿಸಿದವರನ್ನೂ ಕಂಡಿದ್ದೇನೆ. ಡೀಸಲ್ ಸುಟ್ಟು ನೀರು ತರಿಸಿ ಸ್ಟೀಲು ತೊಳೆದು ‘ಹಸಿರು’ ಅಂದರೆ ನಗು ಬರುತ್ತದೆ.

ಮತ್ತೆ ನೋಡಿ, ಆ ಏಪ್ರಿಲಿನಲ್ಲೇ ಹಾಳೆತಟ್ಟೆ ಅತ್ಯಂತ ಒಳ್ಳೆಯದಾಗಿ ಸಿಗುವುದು. ಹಾಳೆ ಗರಿಗರಿ ಒಣಗಿರುತ್ತದೆ, ಬಣ್ಣ ತಿಳಿಯಾಗಿರುತ್ತದೆ, ಬೂಸ್ಟಿನ ಭಯ ಇಲ್ಲ. ನೀರಿಲ್ಲದ ಕಾಲಕ್ಕೆ ತೊಳೆಯಬೇಕಾಗಿಲ್ಲದ ತಟ್ಟೆ, ನೀರಿರುವ ಕಾಲಕ್ಕೆ ತೊಳೆಯುವ ತಟ್ಟೆ. ಇಷ್ಟು ಸರಳವಾದದ್ದನ್ನು ಬಿಟ್ಟು ವರ್ಷವಿಡೀ ಒಂದೇ ಅಂತ ಹಟ ಹಿಡಿಯುವುದು ಯಾಕೆ ಅಂತ ನನಗೆ ಅರ್ಥ ಆಗಿಲ್ಲ.

ಉಂಡಾದ ಮೇಲೆ ಏನಾಗುತ್ತದೆ ಅನ್ನುವುದೂ ವಿಮರ್ಶೆಯ ಒಳಗೇ ಬರಬೇಕು. ನಮ್ಮಲ್ಲಿ ಎರಡು ಕಾಸರಗೋಡು ಗಿಡ್ಡ ದನ ಇವೆ. ಸಣ್ಣ ಮೈ, ಹಸಿವು ಮಾತ್ರ ದೊಡ್ಡದು. ಬಳಸಿದ ತಟ್ಟೆಯನ್ನು ಒಮ್ಮೆ ನೀರಿನಲ್ಲಿ ಅದ್ದಿ ನೆನೆಸಿ, ಕತ್ತಿಯಲ್ಲಿ ಕೊಚ್ಚಿ, ಹಿಂಡಿಯ ನೀರಿಗೆ ಸೇರಿಸಿ ಕೊಡುತ್ತೇನೆ, ಅದೂ ಸ್ವಲ್ಪ ಸ್ವಲ್ಪ. ಮೊದಲಿನಿಂದಲೂ ಹಸಿ ಹಾಳೆ ಇಲ್ಲಿ ದನದ ಮೇವೇ. ಖಾರ, ಮಸಾಲೆ ಜಾಸ್ತಿ ಹಿಡಿದದ್ದನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಇಡೀ ತಟ್ಟೆ ಹಾಗೇ ಬಿಸಾಡಿದರೆ ಬೇಗ ಕೊಳೆಯುವುದಿಲ್ಲ. ತುಂಡು ಮಾಡಿ, ಮೇಲೆ ಸೆಗಣಿ ನೀರು ಹಾಕಿ, ಸೊಪ್ಪು ಮುಚ್ಚಿದರೆ ಒಂದು ಮಳೆಗಾಲದಲ್ಲಿ ಎಲ್ಲ ಮಣ್ಣಾಗಿರುತ್ತದೆ. ಬಂದದ್ದು ತೋಟದಿಂದ, ಹೋಗುವುದೂ ತೋಟಕ್ಕೆ.

ಕಾಗದದ ತಟ್ಟೆಯಲ್ಲಿ ಈ ಭಾಗ್ಯ ಇಲ್ಲ. ನೋಡಲು ಕಾಗದ, ಉಗುರಿನಲ್ಲಿ ಕೆರೆದರೆ ಮೇಲಿನಿಂದ ತೆಳ್ಳಗೆ ಒಂದು ಪ್ಲಾಸ್ಟಿಕ್ಕಿನ ಪೊರೆ ಎದ್ದು ಬರುತ್ತದೆ. ಕೇರಳದಲ್ಲಿ 2020ರ ಜನವರಿ 1ರಿಂದಲೇ ಪ್ಲಾಸ್ಟಿಕ್ ಲೇಪ ಇರುವ ಕಾಗದದ ತಟ್ಟೆ, ಲೋಟಕ್ಕೂ ನಿಷೇಧ ಇದೆ. ದೇಶವಿಡೀ ಒಮ್ಮೆ ಬಳಸುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ನಿಂತದ್ದು 2022ರ ಜುಲೈ 1ರಂದು. ನಿಂತದ್ದು ಅಂದರೆ ಕಾನೂನಿನಲ್ಲಿ ಮಾತ್ರ. ಸಂತೆಯಲ್ಲಿ ಈಗಲೂ ಮೇಜಿನ ಅಡಿಯಿಂದ ತೆಗೆದು ಕೊಡುತ್ತಾರೆ.

ಇನ್ನು ಒಂದು ವಿಷಯ. ಇದನ್ನು ಹಾಳೆತಟ್ಟೆ ಮಾರುವವರು ಯಾರೂ ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿ ಆಹಾರ ಮತ್ತು ಔಷಧ ನೋಡಿಕೊಳ್ಳುವ ಇಲಾಖೆ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳು ಆಹಾರ ಹಾಕಲು ತಮ್ಮ ಸುರಕ್ಷತೆಯ ನಿಯಮಕ್ಕೆ ಹೊಂದುವುದಿಲ್ಲ ಅಂತ ಹೇಳಿತು. ಅಡಿಕೆ ಮರದಲ್ಲಿರುವ ಅರೆಕೋಲಿನ್ ಮುಂತಾದ ಆಲ್ಕಲಾಯ್ಡು ಅನ್ನುವ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಅನ್ನುವುದು ಅವರ ಮಾತು. ಅರೆಕೋಲಿನ್ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ ಪಟ್ಟಿ ಮಾಡಿದೆ.

ಸುದ್ದಿ ಬಂದಾಗ ನಮ್ಮ ಕಡೆ ಹೆಚ್ಚಿನವರಿಗೆ ಸಿಟ್ಟು ಬಂತು. ‘ಅಜ್ಜನ ಕಾಲದಿಂದ ಬಳಸುವುದಲ್ವಾ, ಏನಾಗಿದೆ ಈಗ?’ ಅಂದರು. ನನಗೆ ಆ ಮಾತು ಸಾಕಾಗುವುದಿಲ್ಲ. ನಾವು ಎಣ್ಮಕಜೆ ಪಂಚಾಯತಿನವರು. ಗುಡ್ಡದ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಅದರ ಕೆಳಗೆ ನಮ್ಮ ಬಾವಿ, ಸುರಂಗ, ತೋಡು. ಆಗಲೂ ‘ಏನೂ ಆಗುವುದಿಲ್ಲ’ ಅಂದವರೇ ಜಾಸ್ತಿ. ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ತಡೆ ಹಾಕಿದ್ದು 2011ರಲ್ಲಿ. ಅಷ್ಟರೊಳಗೆ ಎಷ್ಟೋ ಮನೆಯಲ್ಲಿ ಹಾಸಿಗೆ ಬಿಟ್ಟು ಏಳದ ಮಕ್ಕಳು. ಹಾಗಾಗಿ ಯಾರಾದರೂ ಒಂದು ಸಂಶಯ ಎತ್ತಿದರೆ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನನಗೆ ಇಲ್ಲ, ಅದು ನಮ್ಮದೇ ತೋಟದ ವಸ್ತುವಿನ ಮೇಲೆ ಆದರೂ.

ನಾನು ಮಾಡಿಕೊಂಡಿರುವುದು ಇಷ್ಟು. ಹಾಳೆತಟ್ಟೆ ಜೆಂಬರದ ತಟ್ಟೆ, ದಿನಾ ಉಣ್ಣುವ ತಟ್ಟೆ ಅಲ್ಲ. ದಿನದ ಊಟಕ್ಕೆ ಸ್ಟೀಲು ಇದೆ, ತೊಳೆದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಜೆಂಬರಕ್ಕೆ ಹಾಳೆತಟ್ಟೆ ತಂದರೂ ಅದರ ಮೇಲೆ ಉರುಟಾಗಿ ಕತ್ತರಿಸಿದ ಬಾಳೆಲೆಯ ತುಂಡು ಇಡುತ್ತೇನೆ. ಬೆಂಕಿಯಲ್ಲಿ ಸ್ವಲ್ಪ ಬಾಡಿಸಿದ ಎಲೆ ಆದರೆ ಸೀಳುವುದಿಲ್ಲ, ತಟ್ಟೆಯ ಆಕಾರಕ್ಕೆ ಕೂರುತ್ತದೆ. ಸಾರು ಹಾಳೆಗೆ ತಾಗುವುದಿಲ್ಲ, ತಟ್ಟೆ ಎಲೆಯನ್ನು ಹೊತ್ತುಕೊಳ್ಳುತ್ತದೆ ಅಷ್ಟೇ. ಹಾಳೆಯ ವಾಸನೆ ಆಗದವರ ದೂರೂ ಅಲ್ಲಿಗೆ ಮುಗಿಯಿತು. ಮಾವ ಇದ್ದಿದ್ದರೆ ಒಪ್ಪುತ್ತಿದ್ದರೋ ಏನೋ. ಇದರಿಂದ ಇನ್ನೊಂದು ಲಾಭವೂ ಇದೆ: ಎಲೆ ತೆಗೆದರೆ ತಟ್ಟೆ ಬಹುಪಾಲು ಒಣಗಿಯೇ ಇರುತ್ತದೆ, ದನಕ್ಕೆ ಕೊಡಲು ಸುಲಭ. ಎಳೆಮಕ್ಕಳಿಗೆ, ಬಸುರಿಯರಿಗೆ ಬೇರೆಯೇ ಬಾಳೆಲೆ ಹಾಕುತ್ತೇನೆ. ಘಟಕದವರಿಗೂ ಇದನ್ನು ಹೇಳಿದೆ. ಮುಖ ಸ್ವಲ್ಪ ಚಿಕ್ಕದಾಯಿತು, ಆದರೆ ಈಗ ಅವರೇ ಗಿರಾಕಿಗಳಿಗೆ ‘ಮೇಲೆ ಎಲೆ ಹಾಕಿ’ ಅಂತ ಹೇಳುತ್ತಿದ್ದಾರಂತೆ.

ದರ ಹೇಳದೆ ವಿಮರ್ಶೆ ಮುಗಿಯುವುದಿಲ್ಲ. ಘಟಕದಲ್ಲೇ ತೆಗೆದುಕೊಂಡರೆ ಹನ್ನೆರಡು ಇಂಚಿನದಕ್ಕೆ ಆರು ರೂಪಾಯಿ, ಹತ್ತರದ್ದಕ್ಕೆ ನಾಲ್ಕು, ಆರರ ಸಣ್ಣದಕ್ಕೆ ಎರಡು. ಪೇಟೆಯ ಅಂಗಡಿಯಲ್ಲಿ ಒಂದೊಂದಕ್ಕೂ ಒಂದೆರಡು ರೂಪಾಯಿ ಜಾಸ್ತಿ. ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆಗಿಂತ ದುಬಾರಿ, ಹೌದು. ಆದರೆ ಕ್ಲಬ್ಬಿನ ಬಟ್ಟಲಿನ ಬಾಡಿಗೆ, ತೊಳೆಯುವವರ ಕೂಲಿ, ಕಾಣೆಯಾದ ಲೋಟದ ದಂಡ ಎಲ್ಲ ಸೇರಿಸಿದರೆ ಬೇಸಗೆಯಲ್ಲಿ ಇದೇ ಅಗ್ಗ ಬೀಳುತ್ತದೆ. ಲೋಟ ಎಲ್ಲಿಗೆ ಹೋಗುತ್ತದೆ ಅನ್ನುವುದು ಮಾತ್ರ ದೇವರಿಗೇ ಗೊತ್ತು.

ತಟ್ಟೆಗೆ ನಾಲ್ಕು ನಕ್ಷತ್ರ, ದೊನ್ನೆಗೆ ಎರಡು, ಚಮಚಕ್ಕೆ ಏನೂ ಇಲ್ಲ. ಪ್ಯಾಕಿಂಗಿಗೆ ನೀವು ಚೀಲ ಕೊಂಡುಹೋದರೆ ಐದು, ಇಲ್ಲದಿದ್ದರೆ ಒಂದು.

ಇಂಥ ಘಟಕಕ್ಕೆ ಹೋಗುವವರು ಶಿವರಾತ್ರಿಯ ಆಸುಪಾಸಿನಲ್ಲೇ ಹೇಳಿಡಿ. ಏಪ್ರಿಲ್, ಮೇಯಲ್ಲಿ ಉಪನಯನ, ಮದುವೆ, ಮನೆ ಒಕ್ಕಲು (ಗೃಹಪ್ರವೇಶ) ಅಂತ ಆರ್ಡರು ತುಂಬಿರುತ್ತದೆ, ಹನ್ನೆರಡು ಇಂಚಿನದು ಮೊದಲು ಖಾಲಿಯಾಗುತ್ತದೆ. ಬೆಳಗ್ಗೆ ಬೇಗ ಹೋದರೆ ಅವರು ಹಾಳೆ ತೊಳೆಯುತ್ತಿರುತ್ತಾರೆ, ಮಾತಾಡಲು ಪುರುಸೊತ್ತು ಇರುವುದಿಲ್ಲ. ಹತ್ತು ಗಂಟೆಯ ಮೇಲೆ ಹೋಗಿ. ತೋಟ ಇದ್ದವರು ಬರಿಗೈಯಲ್ಲಿ ಹೋಗಬೇಡಿ, ಒಂದು ಕಟ್ಟು ಹಾಳೆ ಜೀಪಿಗೆ ಹಾಕಿಕೊಳ್ಳಿ, ಅಷ್ಟು ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ.